ಟಿವಿ ಎದುರು, ಫೋನು ಕೈಯಲ್ಲಿ: ಓದುಗರ ಪ್ರಶ್ನೆಗೆ ಉತ್ತರ

ಕಳೆದ ಸಂಚಿಕೆಯಲ್ಲಿ ‘ಟಿವಿ ನೋಡುವುದರ ನಡುವೆ ಸೋಷಿಯಲ್ ಮೀಡಿಯಾ’ ಅಂತ ವಿಷಯ ಕೊಟ್ಟು ಪ್ರಶ್ನೆ ಕಳಿಸಿ ಅಂದಿದ್ದೆವು. ಪತ್ರಗಳು ರಾಶಿ ಬಂದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಒಂದು ಸಾಲಿನಲ್ಲಿ: ನಾನು ಒಂದು ಮನರಂಜನಾ ಚಾನೆಲ್‌ನಲ್ಲಿ ಪ್ರೋಮೋ ಎಡಿಟರ್ ಆಗಿದ್ದವಳು, ಆಮೇಲೆ ಅಲ್ಲೇ ಸೋಷಿಯಲ್ ಮೀಡಿಯಾ ಪುಟಗಳನ್ನು ನೋಡಿಕೊಂಡೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಟಿವಿಯಲ್ಲಿ ಮ್ಯಾಚ್ ನೋಡುತ್ತಿರುತ್ತೇನೆ. ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಅಷ್ಟರಲ್ಲಿ ಮಗನ ಫೋನಿಗೆ ‘ವಿಕೆಟ್’ ಅಂತ ಮೆಸೇಜ್ ಬಂದುಬಿಡುತ್ತದೆ. ಲೈವ್ ಅಂತ ಹಾಕಿದ ಮೇಲೆ ಇದು ಹೇಗೆ ಸಾಧ್ಯ? ಆಟದ ಮಜಾನೇ ಹೋಯಿತು.
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ನೀವು ಡಿಶ್‌ನಲ್ಲಿ ನೋಡುತ್ತೀರಾ, ಇಂಟರ್ನೆಟ್ ಆ್ಯಪ್‌ನಲ್ಲಿ ನೋಡುತ್ತೀರಾ ಅಂತ ಬರೆದಿಲ್ಲ. ಆ್ಯಪ್ ಅಂತಲೇ ನನ್ನ ಊಹೆ. ಲೈವ್ ಅಂದರೂ ಚಿತ್ರ ನಮ್ಮ ಮನೆಗೆ ಬರುವುದಕ್ಕೆ ಸಮಯ ಬೇಕೇ ಬೇಕು. ಎಷ್ಟು ಸಮಯ ಅನ್ನುವುದು ದಾರಿಯ ಮೇಲೆ ಹೋಗುತ್ತದೆ.

ಪ್ರಸಾರದ ಉಪಗ್ರಹ ಇರುವುದು ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ. ಅಷ್ಟು ದೂರ ಹೋಗಿ ಬರುವುದಕ್ಕೆ ಸಿಗ್ನಲ್‌ಗೆ ಹಿಡಿಯುವುದು ಕಾಲು ಸೆಕೆಂಡ್ ಅಷ್ಟೇ. ಚಿತ್ರವನ್ನು ಕುಗ್ಗಿಸಿ ಕಳಿಸಿ, ಮನೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಮತ್ತೆ ಬಿಡಿಸುವುದಕ್ಕೆ ಇನ್ನು ಕೆಲವು ಸೆಕೆಂಡ್.

ಆ್ಯಪ್‌ನ ಕಥೆ ಬೇರೆ. ಅಲ್ಲಿ ವಿಡಿಯೊವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ಆ್ಯಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್ ಅನ್ನುವ ಪದ್ಧತಿಯನ್ನು ಎಷ್ಟೋ ಆ್ಯಪ್‌ಗಳು ಬಳಸುತ್ತವೆ. ಅದರಲ್ಲಿ ಒಂದು ತುಂಡು 6 ಸೆಕೆಂಡ್ ಇರಲಿ ಅನ್ನುವುದು ಆ ಕಂಪನಿಯ ಸಲಹೆ. ಮಧ್ಯೆ ನಿಲ್ಲದೆ ಓಡಬೇಕಲ್ಲ, ಅದಕ್ಕೆ ಪ್ಲೇಯರ್ ಮೂರು ತುಂಡಾದರೂ ಕೈಗೆ ಸಿಕ್ಕ ಮೇಲೆ ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಹೋಯಿತು. ಸರ್ವರ್‌ನಿಂದ ಸರ್ವರ್‌ಗೆ ನಕಲಾಗುವ ಹೊತ್ತೂ ಸೇರಿದರೆ ಅರ್ಧ ನಿಮಿಷ ತಡವಾಗುವುದು ಮಾಮೂಲು. ಸ್ಕೋರ್ ಮೆಸೇಜ್‌ಗೆ ಈ ತೊಂದರೆ ಇಲ್ಲ. ಅದು ನಾಲ್ಕಕ್ಷರ. ಮೈದಾನದಲ್ಲಿ ಕೂತವರು ಒತ್ತಿದ ಒಂದೆರಡು ಸೆಕೆಂಡಿನಲ್ಲಿ ನಿಮ್ಮ ಮಗನ ಜೇಬಿನಲ್ಲಿರುತ್ತದೆ.

ಮ್ಯಾಚ್ ಮುಗಿಯುವ ತನಕ ಸ್ಕೋರ್ ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಿಸಿ. ಗೆಳೆಯರ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡಲಿ. ಇನ್ನೊಂದು, ಮಧ್ಯೆ ಒಂದು ನಿಮಿಷ ವಿಡಿಯೊ ನಿಲ್ಲಿಸಿದ್ದರೆ ನೀವು ಇನ್ನೂ ಒಂದು ನಿಮಿಷ ಹಿಂದೆ ಉಳಿದಿರುತ್ತೀರಿ. ಪರದೆಯ ಮೂಲೆಯಲ್ಲಿ ‘ಲೈವ್’ ಅಂತ ಇರುತ್ತದಲ್ಲ, ಅದನ್ನು ಒಮ್ಮೆ ಒತ್ತಿ. ಡಿಶ್ ಇನ್ನೂ ಇದ್ದರೆ ಮ್ಯಾಚಿಗೆ ಅದೇ ಒಳ್ಳೆಯದು.

ಪ್ರಶ್ನೆ: ನಾವೆಲ್ಲ ತುಂಬ ಇಷ್ಟಪಟ್ಟ ಧಾರಾವಾಹಿಯನ್ನು ದಿಢೀರಂತ ನಿಲ್ಲಿಸಿದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಪ್ರತಿ ಎಪಿಸೋಡಿಗೂ ಸಾವಿರಾರು ಕಾಮೆಂಟ್ ಇರುತ್ತಿದ್ದವು. ಹ್ಯಾಶ್‌ಟ್ಯಾಗ್ ಟ್ರೆಂಡ್ ಆಗಿತ್ತು. ಇಷ್ಟು ಜನ ಮಾತಾಡುತ್ತಿದ್ದರೂ ಟಿಆರ್‌ಪಿ ಇಲ್ಲ ಅಂದರೆ ನಂಬಬೇಕಾ?
– ಒಬ್ಬ ನೊಂದ ವೀಕ್ಷಕಿ

ಉತ್ತರ: ನಂಬಲೇಬೇಕಾಗುತ್ತದೆ. ಈ ವಿಷಯದಲ್ಲಿ ನನಗೂ ತುಂಬ ಸಂಕಟ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಟಿಆರ್‌ಪಿ ಲೆಕ್ಕಕ್ಕೂ ಕಾಮೆಂಟಿಗೂ ಸಂಬಂಧವೇ ಇಲ್ಲ. ಆರಿಸಿದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟಿರುತ್ತಾರೆ. ಚಾನೆಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಮನೆಯವರು ತಮ್ಮ ತಮ್ಮ ಬಟನ್ ಒತ್ತಿ ‘ನಾನು ನೋಡುತ್ತಿದ್ದೇನೆ’ ಅಂತ ತಿಳಿಸುತ್ತಾರೆ. ಆ ಮನೆಗಳ ಲೆಕ್ಕದಿಂದ ಇಡೀ ಜನರ ಲೆಕ್ಕ ಕಟ್ಟುತ್ತಾರೆ. ಜಾಹೀರಾತಿನವರು ದುಡ್ಡು ಕೊಡುವುದು ಈ ಲೆಕ್ಕ ನೋಡಿ. ನೀವು ರಾತ್ರಿ ಹನ್ನೊಂದಕ್ಕೆ ಬರೆದ ಒಳ್ಳೆಯ ಕಾಮೆಂಟ್ ಆ ಮೀಟರ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಮಾತಾಡುವುದನ್ನೂ ಲೆಕ್ಕ ಹಾಕೋಣ ಅಂತ ಯಾರೂ ಯೋಚಿಸಲಿಲ್ಲವಾ? ಯೋಚಿಸಿದರು. ಅಮೆರಿಕದಲ್ಲಿ ಟಿವಿ ನೋಡುವವರ ಲೆಕ್ಕ ಹಾಕುವ ನೀಲ್ಸನ್ ಕಂಪನಿ 2013ರ ಅಕ್ಟೋಬರ್‌ನಲ್ಲಿ ಟ್ವಿಟರ್ ಜೊತೆ ಸೇರಿ ‘ಟ್ವಿಟರ್ ಟಿವಿ ರೇಟಿಂಗ್’ ಶುರು ಮಾಡಿತು. ಒಂದು ಕಾರ್ಯಕ್ರಮದ ಬಗ್ಗೆ ಎಷ್ಟು ಜನ ಬರೆದರು, ಅದನ್ನು ಎಷ್ಟು ಜನ ಓದಿದರು, ಎರಡನ್ನೂ ಎಣಿಸಿದರು. ಬರೆಯುವವರಿಗಿಂತ ಓದುವವರು ಸರಾಸರಿ 50 ಪಟ್ಟು ಜಾಸ್ತಿ ಅಂತ ಸಿಕ್ಕಿತು. ಅಂದರೆ 2,000 ಜನ ಬರೆದರೆ ಒಂದು ಲಕ್ಷ ಜನ ಸುಮ್ನೆ ಓದಿಕೊಂಡು ಹೋಗುತ್ತಾರೆ. ಟ್ವಿಟರ್‌ನ ಒಳಗೇ ಹೀಗೆ. ಟ್ವಿಟರ್ ಕಡೆ ತಲೆಯೇ ಹಾಕದೆ ಟಿವಿ ನೋಡುವವರು ಬೇರೆ.

ಅದೇ ವರ್ಷ ಆಗಸ್ಟ್‌ನಲ್ಲಿ ನೀಲ್ಸನ್ ಕಂಪನಿಯದೇ ಇನ್ನೊಂದು ಅಧ್ಯಯನ ಬಂತು. 221 ಎಪಿಸೋಡುಗಳನ್ನು ನಿಮಿಷ ನಿಮಿಷಕ್ಕೂ ತಾಳೆ ನೋಡಿದರು. ಟ್ವೀಟ್ ಜಾಸ್ತಿಯಾಗಿ ಅದರಿಂದ ನೋಡುವವರ ಸಂಖ್ಯೆ ಬದಲಾಗಿದ್ದು ಶೇ 29 ಎಪಿಸೋಡುಗಳಲ್ಲಿ. ನೋಡುವವರು ಜಾಸ್ತಿಯಾಗಿ ಅದರಿಂದ ಟ್ವೀಟ್ ಏರಿದ್ದು ಶೇ 48ರಲ್ಲಿ. ಮಾತು ಕೇಳಿ ಟಿವಿ ಹಾಕುವವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ಟಿವಿ ನೋಡಿ ಮಾತಾಡುವುದೇ ಜಾಸ್ತಿ.

ಮಾತಿಗೂ ನೋಟಕ್ಕೂ ಎಷ್ಟು ಅಂತರ ಇರಬಹುದು ಅನ್ನುವುದಕ್ಕೆ ಒಂದು ಉದಾಹರಣೆ. 2013ರ ಜುಲೈ 11ರಂದು ಅಮೆರಿಕದ ಸೈಫೈ ಚಾನೆಲ್ ‘ಶಾರ್ಕ್‌ನೇಡೊ’ ಅನ್ನುವ ಸಿನಿಮಾ ಹಾಕಿತು. ಸುಂಟರಗಾಳಿಯಲ್ಲಿ ಶಾರ್ಕ್‌ಗಳು ಹಾರಿ ಬರುವ ಕಥೆ. ಆ ರಾತ್ರಿ ಟ್ವಿಟರ್‌ನಲ್ಲಿ ಒಂದು ಹಂತದಲ್ಲಿ ನಿಮಿಷಕ್ಕೆ ಸುಮಾರು 5,000 ಟ್ವೀಟ್ ಬಂದವು. ದೇಶವೇ ಅದನ್ನು ನೋಡುತ್ತಿದೆ ಅನ್ನಿಸುವ ಹಾಗಿತ್ತು. ನೋಡಿದವರು ಮಾತ್ರ ಸುಮಾರು 14 ಲಕ್ಷ. ಆ ಚಾನೆಲ್‌ನ ಮಾಮೂಲಿ ಸಿನಿಮಾಗಳಿಗೂ ಹೆಚ್ಚೂಕಡಿಮೆ ಅಷ್ಟೇ ಜನ ಇರುತ್ತಿದ್ದರು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಮಾತು ಹಬ್ಬಿತು, ಮರುಪ್ರಸಾರಕ್ಕೆ ಜನ ಕೂಡಿದರು, ಮೂರನೇ ಸಲ ಹಾಕಿದಾಗ 20 ಲಕ್ಷ ದಾಟಿತು. ಮಾತಿಗೆ ಬಲ ಇದೆ, ಆದರೆ ಅದು ಫಲ ಕೊಡುವುದಕ್ಕೆ ಸಮಯ ಬೇಕು. ನಿಮ್ಮ ಧಾರಾವಾಹಿಗೆ ಆ ಸಮಯ ಕೊಡಲಿಲ್ಲ ಅನ್ನುವುದೇ ನನ್ನ ಬೇಸರ.

ಟ್ರೆಂಡ್ ವಿಷಯಕ್ಕೆ ಬಂದರೆ, ಅದು ಒಟ್ಟು ಎಷ್ಟು ಜನ ಬರೆದರು ಅನ್ನುವ ಲೆಕ್ಕ ಅಲ್ಲ. ಎಷ್ಟು ದಿಢೀರಂತ ಏರಿತು ಅನ್ನುವ ಲೆಕ್ಕ. ಅಭಿಮಾನಿ ಗುಂಪುಗಳಿಗೆ ಇದು ಚೆನ್ನಾಗಿ ಗೊತ್ತು. ಸಂಜೆ ಇಷ್ಟು ಗಂಟೆಗೆ, ಇದೇ ಹ್ಯಾಶ್‌ಟ್ಯಾಗ್, ಎಲ್ಲರೂ ಒಟ್ಟಿಗೆ ಅಂತ ಮೊದಲೇ ಮಾತಾಡಿಕೊಂಡಿರುತ್ತಾರೆ. ಕೆಲವು ನೂರು ಜನ ಮನಸ್ಸಿಟ್ಟು ಕೂತರೆ ಸಾಕು. ನಾನು ಕಾಮೆಂಟ್ ನೋಡುತ್ತಿದ್ದ ಕಾಲದಲ್ಲಿ ಅವೇ ಹೆಸರುಗಳು ದಿನಾ ಕಾಣುತ್ತಿದ್ದವು. ಒಬ್ಬರೇ ಒಂದು ಪೋಸ್ಟಿಗೆ ಹತ್ತಾರು ಸಲ ಬರೆಯುತ್ತಿದ್ದರು. ಅವರ ಪ್ರೀತಿ ನಿಜ. ಆದರೆ ಮೀಟಿಂಗ್‌ನಲ್ಲಿ ಆ ಸದ್ದನ್ನೇ ಇಡೀ ವೀಕ್ಷಕರು ಅಂದುಕೊಂಡು ಕಥೆ ತಿರುಗಿಸಿದ್ದನ್ನೂ ಕಂಡಿದ್ದೇನೆ. ಫೋನೇ ಮುಟ್ಟದೆ, ಒಂದಕ್ಷರ ಬರೆಯದೆ ದಿನಾ ಕೂತು ನೋಡುವ ಜನ ಆ ಮೀಟಿಂಗ್‌ನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಒಂದು ಧಾರಾವಾಹಿಯನ್ನು ಹೊತ್ತು ನಡೆಸುವವರು ಅವರೇ.

ಮುಂದೆ ಇಷ್ಟವಾದ ಧಾರಾವಾಹಿ ಉಳಿಯಬೇಕು ಅಂದರೆ ಪ್ರಸಾರದ ಹೊತ್ತಿಗೇ ನೋಡಿ. ಆಗದಿದ್ದರೆ ಚಾನೆಲ್‌ನದೇ ಆ್ಯಪ್‌ನಲ್ಲಿ ನೋಡಿ, ಅಲ್ಲಿ ನೀವು ಎಷ್ಟು ನಿಮಿಷ ನೋಡಿದಿರಿ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಯಾರೋ ಕದ್ದು ಹಾಕಿದ ಎಪಿಸೋಡನ್ನು ಫೇಸ್‌ಬುಕ್‌ನಲ್ಲಿ ನೋಡಿದರೆ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಪ್ರಶ್ನೆ: ಕೆಲಸ ಮುಗಿಸಿ ಬರುವಷ್ಟರಲ್ಲಿ ಫೈನಲ್‌ನಲ್ಲಿ ಯಾರು ಗೆದ್ದರು ಅಂತ ಫೋನೇ ಹೇಳಿಬಿಟ್ಟಿರುತ್ತದೆ. ತಪ್ಪಿಸಿಕೊಳ್ಳುವುದು ಹೇಗೆ?
– ರಾತ್ರಿ ಪಾಳಿಯ ನೌಕರ

ಉತ್ತರ: ಹೆಚ್ಚಿನ ಆ್ಯಪ್‌ಗಳಲ್ಲಿ ಬೇಡದ ಪದಗಳನ್ನು ಮ್ಯೂಟ್ ಮಾಡುವ ಸೌಲಭ್ಯ ಇದೆ. ಟ್ವಿಟರ್, ಅಂದರೆ ಈಗಿನ ಎಕ್ಸ್, ಇದನ್ನು 2016ರಲ್ಲೇ ತಂದಿತು. ಕಾರ್ಯಕ್ರಮದ ಹೆಸರು, ಸ್ಪರ್ಧಿಗಳ ಹೆಸರು, ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಹಾಕಿ. ಆದರೆ ಫೋಟೊ ಮೇಲೆ ಬರೆದ ಅಕ್ಷರಕ್ಕೆ ಇದು ಕೆಲಸ ಮಾಡುವುದಿಲ್ಲ. ಫೈನಲ್ ದಿನ ಆ್ಯಪ್ ತೆರೆಯದೆ ಇರುವುದೇ ವಾಸಿ.

ಒಂದು ಸಮಾಧಾನದ ಮಾತು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಸಣ್ಣಕಥೆಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಕೊನೆ ಮೊದಲೇ ಗೊತ್ತಿದ್ದವರಿಗೆ ಕಥೆ ಸ್ವಲ್ಪ ಜಾಸ್ತಿಯೇ ಹಿಡಿಸಿತು. ಕಥೆಗೆ ಇದು ಸರಿ ಅಂತ ನನಗೂ ಅನ್ನಿಸುತ್ತದೆ, ಒಳ್ಳೆಯ ಕಥೆಯನ್ನು ನಾವು ಎರಡು ಸಲ ನೋಡುತ್ತೇವಲ್ಲ. ಆಟಕ್ಕೆ, ಸ್ಪರ್ಧೆಗೆ ಮಾತ್ರ ಈ ಮಾತು ನಾನು ಒಪ್ಪಲಾರೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಅಮ್ಮ ದಿನಾ ಅರ್ಧ ಗಂಟೆ ಕೂತು ಸೀರಿಯಲ್ ನೋಡ್ತಾರೆ. ನಾನು ಅದೇ ಸೀರಿಯಲ್‌ನ ರೀಲ್ಸ್ ನೋಡಿ ಅರ್ಧ ನಿಮಿಷದಲ್ಲಿ ಕಥೆ ತಿಳಿದುಕೊಳ್ತೀನಿ. ‘ನೀನು ನೋಡಿದ್ದು ನೋಡಿದ್ದೇ ಅಲ್ಲ’ ಅಂತ ಅಮ್ಮನ ವಾದ. ಯಾರು ಸರಿ?

ಉತ್ತರ: ಕಥೆ ಏನಾಯಿತು ಅಂತ ತಿಳಿಯುವುದಷ್ಟೇ ಬೇಕಿದ್ದರೆ ನಿಮಗೆ ರೀಲ್ ಸಾಕು. ಆದರೆ ನಾನು ನಿಮ್ಮ ಅಮ್ಮನ ಕಡೆ. ರೀಲ್ ಹೇಗೆ ತಯಾರಾಗುತ್ತದೆ ಅಂತ ಹೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ.

ನಮ್ಮಲ್ಲಿ ಒಂದು ಎಪಿಸೋಡ್ ಬಂದಿತ್ತು. ಬಹಳ ವರ್ಷ ದೂರ ಇದ್ದ ಅಪ್ಪ ಮಗಳ ಮನೆಗೆ ಬರುತ್ತಾನೆ. ಮಗಳು ಬಾಗಿಲು ತೆಗೆಯುತ್ತಾಳೆ, ಒಳಗೆ ಬನ್ನಿ ಅನ್ನುವುದಿಲ್ಲ. ಹೋಗಿ ಅಂತಲೂ ಅನ್ನುವುದಿಲ್ಲ. ಅಪ್ಪನ ಕೈಯಲ್ಲಿ ಒಂದು ಬ್ಯಾಗ್. ಅದನ್ನು ಕೆಳಗಿಡಬೇಕೋ ಬೇಡವೋ ಅವನಿಗೆ ಗೊತ್ತಾಗುವುದಿಲ್ಲ. ಇಡಲು ಬಗ್ಗುತ್ತಾನೆ, ಮತ್ತೆ ಎತ್ತಿಕೊಳ್ಳುತ್ತಾನೆ. ಕ್ಯಾಮೆರಾ ಅಲ್ಲೇ ಇದೆ. ಮಾತಿಲ್ಲ, ಸಂಗೀತ ಇಲ್ಲ, ಹೊರಗೆ ಒಂದು ಗಾಡಿ ಹೋದ ಸದ್ದು ಮಾತ್ರ. ಕೊನೆಗೆ ಮಗಳು, ‘ಬ್ಯಾಗ್ ಕೆಳಗಿಡಿ, ಭಾರ ಇದೆಯಲ್ಲ’ ಅನ್ನುತ್ತಾಳೆ. ಅಷ್ಟೇ. ಆಮೇಲೆ ಮನೆಯೊಳಗೆ ಜಗಳ ಆಗುತ್ತದೆ, ಅವಳು ಕಿರುಚುತ್ತಾಳೆ, ಅಳುತ್ತಾಳೆ.

ಇದರ ರೀಲ್ ಕಟ್ ಮಾಡಬೇಕು. ಟಿವಿ ಚಿತ್ರ ಅಡ್ಡ, ಫೋನಿನ ಚಿತ್ರ ಉದ್ದ. ಅಡ್ಡ ಇರುವುದನ್ನು ಉದ್ದಕ್ಕೆ ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಉಳಿಯುತ್ತದೆ. ಅಪ್ಪ ಎಡತುದಿಯಲ್ಲಿ, ಮಗಳು ಬಲತುದಿಯಲ್ಲಿ, ಮಧ್ಯೆ ಖಾಲಿ ಹೊಸ್ತಿಲು. ನಿರ್ದೇಶಕರು ಬೇಕಂತಲೇ ಇಟ್ಟ ದೂರ ಅದು. ಉದ್ದದ ಚೌಕಟ್ಟಿನಲ್ಲಿ ಇಬ್ಬರಲ್ಲಿ ಒಬ್ಬರು ಮಾತ್ರ ಹಿಡಿಸುತ್ತಾರೆ. ಸುಮ್ಮನೆ ನಿಂತ ಹೊತ್ತು ಮೊದಲು ಹೋಯಿತು, ಯಾಕೆಂದರೆ ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಹೆಬ್ಬೆರಳು ನಿಲ್ಲಬೇಕು. ಕಿರುಚಾಟ ಮುಂದೆ ಬಂತು. ಕೆಳಗೆ ‘ಧಡ್’ ಅನ್ನುವ ಸಂಗೀತ ಸೇರಿತು. ಬ್ಯಾಗ್ ಎಲ್ಲೂ ಇಲ್ಲ.

ರೀಲ್ ಕೆಳಗೆ ಬಂದ ಕಾಮೆಂಟ್‌ಗಳಲ್ಲಿ ‘ಓವರ್ ಆ್ಯಕ್ಟಿಂಗ್’ ಅನ್ನುವುದೇ ಜಾಸ್ತಿ. ಎಪಿಸೋಡ್ ಪೂರ್ತಿ ನೋಡಿ ಪತ್ರ ಬರೆದವರು ಮಾತ್ರ ಆ ಬ್ಯಾಗಿನ ಬಗ್ಗೆ ಬರೆದಿದ್ದರು. ಅಷ್ಟು ಹೊತ್ತು ಹೊಸ್ತಿಲಲ್ಲಿ ಕಾದವರಿಗೆ ಆ ಅಳು ಜಾಸ್ತಿ ಅನ್ನಿಸಲಿಲ್ಲ. ಕಾಯದೆ ಕಂಡವರಿಗೆ ಅನ್ನಿಸಿತು. ಅದೇ ನಟಿ, ಅದೇ ಅಳು.

ನನಗೆ ಇನ್ನೂ ಜಾಸ್ತಿ ಚಿಂತೆ ಇರುವುದು ಮುಂದಿನದರ ಬಗ್ಗೆ. ಈಗ ಎಷ್ಟೋ ಕಡೆ ಶೂಟಿಂಗ್ ಮಾಡುವಾಗಲೇ ರೀಲ್ ಯೋಚನೆ ಇರುತ್ತದೆ. ಪಾತ್ರಗಳು ಚೌಕಟ್ಟಿನ ನಡುವೆ ಒತ್ತೊತ್ತಾಗಿ ನಿಲ್ಲುತ್ತವೆ, ಕತ್ತರಿಸುವುದು ಸುಲಭ ಅಂತ. ನೋಡುವವರ ಕಣ್ಣು ಫೋನಿನಲ್ಲಿದೆ, ಕಿವಿ ಮಾತ್ರ ಟಿವಿ ಕಡೆ ಇದೆ ಅಂತ ಕಾಣುವುದನ್ನೂ ಮಾತಿನಲ್ಲಿ ಹೇಳಿಸುತ್ತಾರೆ. ‘ಅಪ್ಪಾ, ಬ್ಯಾಗ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೀರಲ್ಲ!’ ಅಂತ. ಹಾಗೆ ಹೇಳಿಸಿದ ಮೇಲೆ ಆ ದೃಶ್ಯದಲ್ಲಿ ಏನು ಉಳಿಯಿತು ಹೇಳಿ.

ಈ ವಾರ ಒಂದೇ ಒಂದು ಎಪಿಸೋಡ್ ಅಮ್ಮನ ಪಕ್ಕ ಕೂತು ನೋಡಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ದೊಡ್ಡ ಘಟನೆಯ ಎಪಿಸೋಡ್ ಬೇಡ, ಅದರ ಮಾರನೇ ದಿನದ್ದು ನೋಡಿ. ಬರವಣಿಗೆ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುವುದು.

ಪ್ರಶ್ನೆ: ಟಿವಿಯಲ್ಲಿ ಯಾವುದೋ ಕಾರ್ಯಕ್ರಮ ನೋಡಿರುತ್ತೇವೆ. ಸ್ವಲ್ಪ ಹೊತ್ತಿಗೆ ಅದಕ್ಕೆ ಸಂಬಂಧಿಸಿದ ಜಾಹೀರಾತು ಫೋನಿನಲ್ಲಿ ಬರುತ್ತದೆ. ಫೋನು ನಮ್ಮ ಮಾತು ಕದ್ದು ಕೇಳುತ್ತಿದೆಯಾ?
– ಗಾಬರಿಯಾದ ಗೃಹಿಣಿ

ಉತ್ತರ: ಅಮ್ಮಾ, ಫೋನಿನ ಕಿವಿಗಿಂತ ಮೊದಲು ನಿಮ್ಮ ಸ್ಮಾರ್ಟ್ ಟಿವಿಯ ಕಣ್ಣಿನ ಮೇಲೆ ಅನುಮಾನ ಇರಲಿ. ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿ, ಪರದೆಯ ಮೇಲೆ ಏನು ಓಡುತ್ತಿದೆ ಅಂತ ಗುರುತಿಸುವ ಏರ್ಪಾಡು ಒಳಗೇ ಇರುತ್ತದೆ. ಎಸಿಆರ್ ಅನ್ನುತ್ತಾರೆ. ಚಿತ್ರದ ಸಣ್ಣ ಸಣ್ಣ ಗುರುತು ತೆಗೆದು ಕಂಪನಿಗೆ ಕಳಿಸುತ್ತದೆ, ಅಲ್ಲಿ ದೊಡ್ಡ ಪಟ್ಟಿಯ ಜೊತೆ ಹೋಲಿಸಿ ಇಂಥ ಕಾರ್ಯಕ್ರಮ ಅಂತ ಕಂಡುಹಿಡಿಯುತ್ತಾರೆ. ಡಿಶ್‌ನಲ್ಲಿ ನೋಡಿದರೂ, ಪೆನ್‌ಡ್ರೈವ್ ಹಾಕಿ ನೋಡಿದರೂ ಪರದೆ ಒಂದೇ ತಾನೇ. ನಿಮ್ಮ ಟಿವಿ, ನಿಮ್ಮ ಫೋನು ಎರಡೂ ಒಂದೇ ವೈಫೈನಲ್ಲಿರುತ್ತವೆ. ಹೊರಗಿನವರಿಗೆ ಅವು ಒಂದೇ ವಿಳಾಸದಿಂದ ಬಂದ ಹಾಗೆ ಕಾಣುತ್ತವೆ. ಟಿವಿ ನೋಡಿದ್ದಕ್ಕೂ ಫೋನಿನ ಜಾಹೀರಾತಿಗೂ ಗಂಟು ಬೀಳುವುದಕ್ಕೆ ಅಷ್ಟು ಸಾಕು.

ಇದು ಗಾಳಿಮಾತಲ್ಲ. ಅಮೆರಿಕದ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಕೇಳದೆಯೇ ಮಾಹಿತಿ ತೆಗೆದುಕೊಂಡಿದೆ ಅಂತ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ಮೊಕದ್ದಮೆ ಹಾಕಿತು. 2017ರ ಫೆಬ್ರುವರಿಯಲ್ಲಿ ಕಂಪನಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಥವಾ ಟರ್ಮ್ಸ್ ಅನ್ನುವ ಕಡೆ ಹುಡುಕಿ. ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವೀಸಸ್’, ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಅಂತ ಇರುತ್ತದೆ. ಟಿಕ್ ತೆಗೆಯಿರಿ. ಟಿವಿ ಮಾಮೂಲಿನಂತೆಯೇ ಓಡುತ್ತದೆ. ಹೊಸ ಟಿವಿ ತಂದ ದಿನ ಎಲ್ಲದಕ್ಕೂ ‘ಒಪ್ಪಿದೆ’ ಅಂತ ಒತ್ತುತ್ತಾ ಹೋಗುತ್ತೇವಲ್ಲ, ಒಪ್ಪಿಗೆ ಕೊಟ್ಟಿದ್ದು ಅಲ್ಲೇ. ಆವತ್ತೇ ಐದು ನಿಮಿಷ ನಿಧಾನಿಸುವುದು ಒಳ್ಳೆಯದು.

ಪ್ರಶ್ನೆ: ನನ್ನ ಹೆಂಡತಿ ಟಿವಿ ನೋಡುವಾಗ ಅಕ್ಕನ ಜೊತೆ ಚಾಟ್ ಮಾಡುತ್ತಲೇ ಇರುತ್ತಾಳೆ. ಇಬ್ಬರೂ ಬೇರೆ ಬೇರೆ ಊರಲ್ಲಿ ಒಂದೇ ಕಾರ್ಯಕ್ರಮ ನೋಡುತ್ತಾರೆ. ನೋಡುವುದಾದರೆ ನೋಡು, ಮಾತಾಡುವುದಾದರೆ ಮಾತಾಡು ಅಂದರೆ ನನ್ನ ಮೇಲೆ ಕೋಪ. ನೀವೇ ಹೇಳಿ.

ಉತ್ತರ: ಹೇಳುತ್ತೇನೆ, ಆದರೆ ನಿಮಗೆ ಹಿಡಿಸುತ್ತೋ ಇಲ್ಲವೋ. ಟಿವಿಯನ್ನು ನಾವು ಯಾವತ್ತೂ ಬಾಯಿ ಮುಚ್ಚಿಕೊಂಡು ನೋಡಿದವರಲ್ಲ. ಮನೆ ತುಂಬ ಜನ ಕೂತು, ಪಾತ್ರಗಳಿಗೆ ಬುದ್ಧಿ ಹೇಳುತ್ತಾ ನೋಡಿದವರು. ಈಗ ಮನೆಯಲ್ಲಿ ಜನ ಕಮ್ಮಿ. ಆ ಮಾತು ಫೋನಿಗೆ ಹೋಗಿದೆ. ನಿಮ್ಮ ಹೆಂಡತಿಗೆ ಆ ಚಾಟ್ ಅಂದರೆ ಅಕ್ಕನ ಪಕ್ಕ ಕೂತ ಹಾಗೆಯೇ ಅಲ್ವಾ?

ಜೊತೆಯಾಗಿ ನೋಡುವ ಈ ಆಸೆ ಎಷ್ಟು ದೊಡ್ಡದು ಅಂದರೆ, ಜಪಾನಿನಲ್ಲಿ ‘ಕ್ಯಾಸಲ್ ಇನ್ ದ ಸ್ಕೈ’ ಅನ್ನುವ 1986ರ ಆ್ಯನಿಮೇಶನ್ ಸಿನಿಮಾ ಟಿವಿಯಲ್ಲಿ ಬರುವಾಗಲೆಲ್ಲ ಒಂದು ಆಟ ನಡೆಯುತ್ತದೆ. ಕೊನೆಯಲ್ಲಿ ಇಬ್ಬರು ಮಕ್ಕಳು ಕೈ ಹಿಡಿದುಕೊಂಡು ಒಂದು ಮಂತ್ರದ ಪದ ಹೇಳುತ್ತಾರೆ. ನೋಡುವವರೆಲ್ಲ ಅದೇ ಕ್ಷಣಕ್ಕೆ ಆ ಪದವನ್ನು ಟ್ವಿಟರ್‌ನಲ್ಲಿ ಬರೆಯುತ್ತಾರೆ. 2013ರ ಆಗಸ್ಟ್ 2ರ ರಾತ್ರಿ ಆ ಒಂದು ಸೆಕೆಂಡಿನಲ್ಲಿ 1,43,199 ಟ್ವೀಟ್ ಬಂದವು. ಆಗ ಇಡೀ ಜಗತ್ತಿನಿಂದ ಸೆಕೆಂಡಿಗೆ ಬರುತ್ತಿದ್ದುದು ಸರಾಸರಿ 5,700. ಅವರ್‍ಯಾರೂ ಸಿನಿಮಾ ನೋಡದೆ ಫೋನು ನೋಡುತ್ತಿದ್ದವರಲ್ಲ. ಸಿನಿಮಾವನ್ನು ಬಾಯಿಪಾಠ ಮಾಡಿದವರು. ಕಣ್ಣು ಪರದೆಯ ಮೇಲಿಟ್ಟು, ಬೆರಳನ್ನು ಬಟನ್ ಮೇಲಿಟ್ಟು ಕಾದವರು. ಫೋನು ಅಲ್ಲಿ ಗಮನ ಕೆಡಿಸಲಿಲ್ಲ, ಅಷ್ಟೂ ಜನರನ್ನು ಒಂದು ಕಡೆ ಕೂರಿಸಿತು.

ಆಟ, ಸ್ಪರ್ಧೆ, ಹಾಡಿನ ಕಾರ್ಯಕ್ರಮ, ಸುದ್ದಿ ಚರ್ಚೆ ನೋಡುವಾಗ ಚಾಟ್ ಮಾಡಲಿ ಬಿಡಿ. ಕಥೆ ನೋಡುವಾಗ ಮಾತ್ರ ಜಾಹೀರಾತು ಬರುವ ತನಕ ಕಾಯೋಣ ಅಂತ ಅಕ್ಕತಂಗಿಯರೇ ಮಾತಾಡಿಕೊಂಡರೆ ಚೆನ್ನ. ನೀವು ಹೇಳಿದರೆ ಕೆಲಸ ಆಗುವುದಿಲ್ಲ. ಬೇಕಾದರೆ ಈ ಪುಟ ತೋರಿಸಿ.

ಪ್ರಶ್ನೆ: ನನ್ನ ತಮ್ಮ ಒಂದು ಸೀರಿಯಲ್‌ನ ಖಳನಾಯಕಿಯ ಇನ್‌ಸ್ಟಾಗ್ರಾಂಗೆ ಹೋಗಿ ಬಾಯಿಗೆ ಬಂದಂತೆ ಬೈದು ಬರೆಯುತ್ತಾನೆ. ‘ಎಲ್ಲರೂ ಬರೆಯುತ್ತಾರೆ, ಅವರು ಓದುವುದಿಲ್ಲ’ ಅನ್ನುತ್ತಾನೆ. ಹೇಗೆ ತಿಳಿಹೇಳಲಿ?

ಉತ್ತರ: ಓದುತ್ತಾರೆ. ಇದನ್ನು ಅವನಿಗೆ ಖಂಡಿತ ಹೇಳಿ. ಶೂಟಿಂಗ್ ನಡುವೆ ಕುರ್ಚಿಯಲ್ಲಿ ಕೂತು, ಮೇಕಪ್‌ನಲ್ಲೇ, ಒಂದೊಂದಾಗಿ ಓದುವವರನ್ನು ನಾನು ನೋಡಿದ್ದೇನೆ. ನೂರು ಹೊಗಳಿಕೆ ದಾಟಿ ಹೋಗಿ ಒಂದು ಬೈಗುಳದ ಹತ್ತಿರ ನಿಲ್ಲುತ್ತಾರೆ. ಕೆಟ್ಟ ಮಾತು ಬರೆದವರು ಸಂಭಾಷಣೆಕಾರರು, ಕೆಟ್ಟ ಕೆಲಸ ಮಾಡಿಸಿದವರು ನಿರ್ದೇಶಕರು. ಪಾತ್ರ ಮಾಡಿದವಳಿಗೆ ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ರಿಯಾಲಿಟಿ ಶೋಗಳಲ್ಲಿ ಇದು ಇನ್ನೂ ಕ್ರೂರ, ಅಲ್ಲಿ ಪಾತ್ರದ ಮರೆ ಕೂಡ ಇಲ್ಲ. ಜಪಾನಿನ ‘ಟೆರೇಸ್ ಹೌಸ್’ ಶೋನಲ್ಲಿ ಹಾನಾ ಕಿಮುರಾ ಅನ್ನುವ 22 ವರ್ಷದ ಕುಸ್ತಿಪಟು ಇದ್ದಳು. ತನ್ನ ಕುಸ್ತಿಯ ಉಡುಪು ಒಗೆಯುವಾಗ ಹಾಳಾಯಿತು ಅಂತ ಶೋನಲ್ಲಿ ಜೊತೆಗಿದ್ದವನ ಮೇಲೆ ಸಿಟ್ಟಾದ ಒಂದು ದೃಶ್ಯ ಪ್ರಸಾರವಾಯಿತು. ಅದಕ್ಕೆ ಬಂದ ಬೈಗುಳಕ್ಕೆ ಲೆಕ್ಕವೇ ಇರಲಿಲ್ಲ. 2020ರ ಮೇ 23ರಂದು ಅವಳು ಪ್ರಾಣ ಕಳೆದುಕೊಂಡಳು. ಆ ಶೋ ನಿಂತಿತು. ಅವಳ ತಾಯಿ ಹೋರಾಡಿದರು. 2022ರಲ್ಲಿ ಜಪಾನ್ ಅವಮಾನದ ಕಾನೂನನ್ನು ಬಿಗಿ ಮಾಡಿ ಒಂದು ವರ್ಷದ ತನಕ ಜೈಲು ಅಂತ ಮಾಡಿತು. ‘ಎಲ್ಲರೂ ಬರೆಯುತ್ತಾರೆ’ ಅಂತಲೇ ಅಲ್ಲೂ ಪ್ರತಿಯೊಬ್ಬರೂ ಬರೆದಿದ್ದು. ನಿಮ್ಮ ತಮ್ಮನ ಪಕ್ಕ ಕೂತು, ಹಳೆಯ ಕಾಮೆಂಟ್‌ಗಳನ್ನು ಅವನ ಕೈಯಲ್ಲೇ ಅಳಿಸಿಸಿ. ಪಾತ್ರದ ಮೇಲೆ ಸಿಟ್ಟಿದ್ದರೆ ಪಾತ್ರದ ಹೆಸರು ಹಿಡಿದು ಚಾನೆಲ್ ಪುಟದಲ್ಲಿ ಬರೆಯಲಿ.

ಪ್ರಶ್ನೆ: ಎಲ್ಲರೂ ಫೋನಿಗೆ ಹೋಗಿಬಿಟ್ಟರೆ ಮುಂದೆ ಟಿವಿ ಇರುತ್ತಾ?

ಉತ್ತರ: ಪೆಟ್ಟಿಗೆ ಇರುತ್ತದೆ, ಅದರೊಳಗಿನದು ಬದಲಾಗುತ್ತಿದೆ. ಫೋನಿನಲ್ಲಿದ್ದ ಯೂಟ್ಯೂಬ್ ಈಗ ದೊಡ್ಡ ಪರದೆಗೆ ಬಂದು ಕೂತಿದೆ. ಅಮೆರಿಕದಲ್ಲಿ ಯೂಟ್ಯೂಬನ್ನು ಫೋನಿಗಿಂತ ಟಿವಿಯಲ್ಲೇ ಜಾಸ್ತಿ ಹೊತ್ತು ನೋಡುತ್ತಾರೆ ಅಂತ ಆ ಕಂಪನಿ 2025ರಲ್ಲಿ ಹೇಳಿತು. ಅದೇ ವರ್ಷ ಮೇ ತಿಂಗಳ ನೀಲ್ಸನ್ ಲೆಕ್ಕದಲ್ಲಿ, ಅಲ್ಲಿ ಟಿವಿ ಮುಂದೆ ಕಳೆದ ಹೊತ್ತಿನ ಶೇ 12.5 ಯೂಟ್ಯೂಬಿನದು. ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಕೂಡ ರೀಲ್ಸ್ ನೋಡಲು ಟಿವಿ ಆ್ಯಪ್ ಬಿಟ್ಟಿತು. 2029ರಿಂದ ಆಸ್ಕರ್ ಸಮಾರಂಭವೇ ಯೂಟ್ಯೂಬಿಗೆ ಹೋಗುತ್ತಿದೆ. ಸೋಷಿಯಲ್ ಮೀಡಿಯಾ ಟಿವಿ ಪಕ್ಕದಲ್ಲಿ ಇರುವ ಕಾಲ ಮುಗಿಯುತ್ತಾ ಬಂತು, ಇನ್ನು ಟಿವಿಯ ಒಳಗೇ ಇರುತ್ತದೆ.

ಪ್ರಶ್ನೆ: ನನಗೆ ವಯಸ್ಸಾಗಿದೆ. ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಳಿಕೊಟ್ಟಿದ್ದಾಳೆ. ನಾನು ನೋಡುವ ಧಾರಾವಾಹಿಯ ಬಗ್ಗೆ ಬರೆಯಬೇಕು ಅಂತ ಆಸೆ. ಏನು ಬರೆದರೆ ಚಾನೆಲ್‌ನವರು ಓದುತ್ತಾರೆ?

ಉತ್ತರ: ಅಮ್ಮಾ, ನಿಮ್ಮಂಥವರು ಬರೆಯಬೇಕು ಅಂತಲೇ ನನ್ನ ಆಸೆ. ‘ಸೂಪರ್’, ‘ಚೆನ್ನಾಗಿದೆ’, ಹೃದಯದ ಚಿತ್ರ, ಇವನ್ನೆಲ್ಲ ನಾವು ಎಣಿಸುತ್ತಿದ್ದೆವು ಅಷ್ಟೇ. ಒಂದು ದೃಶ್ಯವನ್ನು ಹಿಡಿದು ಬರೆದಿದ್ದನ್ನು ಮಾತ್ರ ಬೇರೆ ತೆಗೆದು ನಿರ್ದೇಶಕರಿಗೆ, ಬರಹಗಾರರಿಗೆ ಕಳಿಸುತ್ತಿದ್ದೆ. ಹಾಗಾಗಿ ಯಾವ ದಿನದ ಎಪಿಸೋಡ್, ಯಾವ ದೃಶ್ಯ, ಅದರಲ್ಲಿ ಏನು ಹಿಡಿಸಿತು ಅಥವಾ ಎಲ್ಲಿ ಸರಿ ಅನ್ನಿಸಲಿಲ್ಲ, ಇಷ್ಟು ಬರೆಯಿರಿ. ಮೂರು ನಾಲ್ಕು ಸಾಲು ಸಾಕು. ಆಡುಮಾತಿನಲ್ಲೇ ಇರಲಿ, ತಪ್ಪಾದರೂ ಪರವಾಗಿಲ್ಲ. ಚಾನೆಲ್ ಆ ಎಪಿಸೋಡಿನ ಪೋಸ್ಟ್ ಹಾಕುತ್ತದಲ್ಲ, ಅದರ ಕೆಳಗೇ ಬೇಗ ಬರೆಯಿರಿ. ಮಾರನೇ ದಿನ ಹೊಸ ಪೋಸ್ಟ್ ಬಂದ ಮೇಲೆ ಹಿಂದಿನದರ ಕಡೆ ತಿರುಗಿ ನೋಡಲು ಅಲ್ಲಿನವರಿಗೆ ಪುರಸೊತ್ತು ಇರುವುದಿಲ್ಲ.

ಕಾಮೆಂಟಿನಲ್ಲಿ ಫೋನ್ ನಂಬರ್, ಮನೆ ವಿಳಾಸ ಮಾತ್ರ ಬರೆಯಬೇಡಿ. ಚಾನೆಲ್‌ನದೇ ಚಿತ್ರ ಹಾಕಿಕೊಂಡ ನಕಲಿ ಪುಟಗಳು ಕಾಮೆಂಟ್ ಮಾಡಿದವರನ್ನೇ ಹುಡುಕಿ ‘ನಿಮಗೆ ಬಹುಮಾನ ಬಂದಿದೆ, ಒಟಿಪಿ ಹೇಳಿ’ ಅಂತ ಮೆಸೇಜ್ ಕಳಿಸುತ್ತವೆ. ಯಾವ ಚಾನೆಲ್ಲೂ ಒಟಿಪಿ ಕೇಳುವುದಿಲ್ಲ. ಅಂಥ ಮೆಸೇಜ್ ಬಂದರೆ ಉತ್ತರ ಕೊಡದೆ ಬ್ಲಾಕ್ ಮಾಡಿ. ಬ್ಲಾಕ್ ಮಾಡುವುದು ಹೇಗೆ ಅಂತ ಮೊಮ್ಮಗಳ ಹತ್ತಿರ ಇವತ್ತೇ ಕೇಳಿ ಕಲಿತುಕೊಳ್ಳಿ.